ಪೈಲ್ವಾನನ ಎಡ ಮುಂಗಾಲು

ಮೇ ೪

ಅಮ್ಮಾ,

ಮೊದಲೇ ಹೇಳ್ಬಿಡ್ತೀನಿ, ಇದನ್ನ ಫೋನಲ್ಲಿ ಹೇಳೋಕಾಗಲ್ಲ. ಫೋನಲ್ಲಿ ನಾನು ಎರಡು ಮಾತಾಡೋ ಅಷ್ಟರಲ್ಲಿ ನೀನು ಬಾಯಿ ಹಾಕ್ತೀಯ, ನಾನು ರೇಗ್ತೀನಿ, ನೀನು "ಸರಿ ಬಿಡು, ಪೇಷಂಟು ಬಂತು" ಅಂತ ಇಟ್ಟುಬಿಡ್ತೀಯ. ಕಾಗದಕ್ಕೆ ಬಾಯಿ ಹಾಕೋಕೆ ನಿನ್ನ ಕೈಲೂ ಆಗಲ್ಲ. ಕೂತ್ಕೊಂಡು ಪೂರ್ತಿ ಓದು.

ಇವತ್ತು ನಾನು ಒಂದು ಬೆಕ್ಕಿನ ತೋಳಿನ ಒಳಗಡೆ ಹೋಗಿ ಬಂದೆ!

ನಗ್ಬೇಡ. ನಮ್ಮ ಪಶುವೈದ್ಯ ಕಾಲೇಜಿನ ನೆಲಮಾಳಿಗೆಗೆ ಒಂದು ಸಿಟಿ ಸ್ಕ್ಯಾನ್ ಮಷೀನ್ ಬಂದಿದೆ ಅಂದಿದ್ನಲ್ಲ, ಮನುಷ್ಯರ ಆಸ್ಪತ್ರೆಯವರು ಹೊಸದು ತಗೊಂಡು ನಮಗೆ ದಾಟಿಸಿದ್ದು. ಅದು ಎಕ್ಸ್‌ರೇ ಥರ ಒಂದೇ ನೆರಳು ತೋರಿಸಲ್ಲ. ಸುತ್ತಲೂ ತಿರುಗಿ ತಿರುಗಿ ಮೂಳೆನ ಬ್ರೆಡ್ಡಿನ ಥರ ತೆಳ್ಳಗೆ ಕೊಯ್ದು ತೋರಿಸುತ್ತೆ, ಚಾಕು ಇಲ್ಲದೆ. ಆಮೇಲೆ ಕಂಪ್ಯೂಟರು ಅಷ್ಟೂ ಹೋಳು ಜೋಡಿಸಿ ಇಡೀ ಮೂಳೆ ಎದ್ದು ಬರೋ ಹಾಗೆ ಮಾಡುತ್ತೆ. ಅದನ್ನ ಬೆರಳಲ್ಲಿ ತಿರುಗಿಸಬಹುದು, ಒಳಗೆ ನುಗ್ಗಬಹುದು, ಆಚೆ ಕಡೆಯಿಂದ ಇಣುಕಬಹುದು. ನಮ್ಮ ಗೈಡ್ ಮೇಡಂ ಹಿಡಿದಿರೋ ಕೆಲಸ ಏನಂದ್ರೆ ಬೆಕ್ಕಿನ ಮುಂಗಾಲು: ಹೆಗಲ ಹಲಗೆಯಿಂದ ಹಿಡಿದು ಉಗುರಿನ ಬುಡದ ತನಕ ಒಂದೊಂದು ಮೂಳೆಯ ಅಳತೆ, ಆಕಾರ. ವಯಸ್ಸಾಗಿ ತೀರಿಹೋದ ಬೆಕ್ಕುಗಳನ್ನ ಮನೆಯವರೇ ಒಪ್ಪಿ ಕೊಡ್ತಾರೆ. ನಾನು ಅವನ್ನ ಹೊಟ್ಟೆ ಮೇಲೆ ಮಲಗಿಸಿ, ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿಸ್ತೀನಿ. ನಿದ್ದೆ ಮುಗಿಸಿ ಮೈ ಮುರೀತಿರೋ ಹಾಗೇ ಕಾಣ್ತಾವೆ, ಪಾಪ.

ಇವತ್ತು ಏನು ನೋಡ್ದೆ ಗೊತ್ತಾ? ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಮೂಳೆಯ ಒಳಮಗ್ಗುಲಲ್ಲಿ, ಒಂದು ಪುಟಾಣಿ ಸುರಂಗ! ಅದರ ಮೇಲೆ ಕಡ್ಡಿ ದಪ್ಪದ ಮೂಳೆಯ ಸೇತುವೆ. ಪಂಜಕ್ಕೆ ಹೋಗೋ ದೊಡ್ಡ ನರ, ರಕ್ತನಾಳ ಎರಡೂ ಅದರೊಳಗೇ ನುಸುಳಿ ಹೋಗ್ತಾವೆ. ನಾಯಿಗೆ ಹೀಗಿಲ್ಲ. ನಿಂಗೆ ಗೊತ್ತಿರುತ್ತೆ, ಓದಿರ್ತೀಯ, ಸರಿ. ಓದೋದು ಬೇರೆ ಕಣಮ್ಮ, ಅದರೊಳಗೆ ತೂರಿಕೊಂಡು ಈ ಬಾಗಿಲಿಂದ ಆ ಬಾಗಿಲಿಗೆ ಹೋಗೋದು ಬೇರೆ. ಕಾಲು ನೆಲದ ಮೇಲೆ ನಿಲ್ತಿಲ್ಲ ನಂದು.

ನಿನ್ನ
ಪಿಟೀಲು


ಮೇ ೧೫

ಪಿಟೀಲೂ,

ಕಾಗದಕ್ಕೂ ಬಾಯಿ ಹಾಕಬಹುದು ಕಣೆ. ಅಂಚಲ್ಲಿ ಕೆಂಪು ಪೆನ್ನಿಂದ ಬರೆದು ವಾಪಸ್ ಕಳಿಸೋಣ ಅಂತಿದ್ದೆ, ಕಾಂಪೌಂಡರು "ಮೇಡಂ, ಮಗಳು ಅಪರೂಪಕ್ಕೆ ಬರ್ದಿದಾಳೆ, ಬಿಡಿ" ಅಂದ, ಬಿಟ್ಟೆ.

ಮೂರನೇ ವರ್ಷಕ್ಕೆ ಡಾಕ್ಟರ್ ಓದು ಅರ್ಧಕ್ಕೆ ಬಿಟ್ಟು ಮಷೀನ್ ಓಡಿಸೋಕೆ ಹೋದವಳು ಈಗ ನಂಗೆ ಮೂಳೆ ಪಾಠ ಹೇಳ್ತಿದಾಳೆ. ಹೇಳು, ಹೇಳು. ಈ ಸಲ ನಂಗೂ ಅದು ಬೇಕಾಗಿದೆ.

ಕ್ಲಿನಿಕ್ಕಿನ ಬಾಗಿಲಲ್ಲಿ ಯಾರೋ ರಟ್ಟಿನ ಡಬ್ಬದಲ್ಲಿ ಒಂದು ಬೆಕ್ಕು ಇಟ್ಟು ಹೋದ್ರು. ಗಂಡು, ಒಣಗಿದ ಕಡ್ಡಿ ಥರ ಇತ್ತು. ಎಡ ಮುಂಗಾಲು ಯಾವಾಗಲೋ ಮೊಣಕೈ ಮೇಲೆ ಮುರಿದು, ತನ್ನಷ್ಟಕ್ಕೆ ತಾನೇ ಸೊಟ್ಟಗೆ ಕೂಡಿಕೊಂಡಿದೆ. ಬಂದ ದಿನವೇ ಮೂರು ಕಾಲಲ್ಲಿ ನೆಗೆದು ಒಂದು ದಡೂತಿ ನಾಯಿಯನ್ನ ಬೆಂಚಿನ ಕೆಳಗೆ ಕೂರಿಸಿತು. ಕಾಂಪೌಂಡರು "ಪೈಲ್ವಾನ್" ಅಂತ ಹೆಸರಿಟ್ಟ. ನಾನೇನು ಸಾಕ್ತಿಲ್ಲ. ಕ್ಲಿನಿಕ್ಕಲ್ಲಿ ಇದೆ ಅಷ್ಟೆ. ಸಂಜೆ ನನ್ನ ಜೊತೆ ಮನೆಗೆ ಬರುತ್ತೆ, ನನ್ನ ದಿಂಬಿನ ಮೇಲೆ ಮಲಗುತ್ತೆ, ಅದು ಬೇರೆ ವಿಷಯ.

ಈಗ ಸಮಸ್ಯೆ ಕೇಳು. ಸೊಟ್ಟ ಕಾಲು ಪಕ್ಕಕ್ಕೆ ತಿರುಗಿರೋದ್ರಿಂದ ಪಂಜದ ಅಂಚು ನೆಲಕ್ಕೆ ಉಜ್ಜಿ ಉಜ್ಜಿ ಹುಣ್ಣಾಗಿದೆ. ಪಟ್ಟಿ ಕಟ್ತೀನಿ, ವಾಸಿಯಾಗುತ್ತೆ, ಮತ್ತೆ ನಾಕು ಹೆಜ್ಜೆ ನಡೆದ್ರೆ ಅದೇ ಕಥೆ. ಹುಣ್ಣು ಮೂಳೆಗೆ ಇಳಿದ್ರೆ ಕಾಲು ತೆಗೀಲೇಬೇಕು. ನನ್ನ ಕ್ಲಾಸ್‌ಮೇಟ್ ಸರ್ಜನ್ನಿಗೆ ತೋರಿಸಿದೆ. "ಈಗಲೇ ತೆಗೆದುಬಿಡು, ಬೆಕ್ಕು ಮೂರು ಕಾಲಲ್ಲೂ ರಾಜನ ಹಾಗಿರುತ್ತೆ" ಅಂದ. ಅವನು ಹೇಳೋದು ಸುಳ್ಳಲ್ಲ. ಆದ್ರೆ ಈ ಕಾಲು ಸತ್ತಿಲ್ಲ ಕಣೆ. ಪಂಜ ಬೆಚ್ಚಗಿದೆ, ಬೆರಳು ಆಡುತ್ತೆ. ಜೀವ ಇರೋ ಕಾಲನ್ನ ಕತ್ತರಿಸಿ ಬಕೆಟ್ಟಿಗೆ ಹಾಕೋಕೆ ನಂಗೆ ಮನಸ್ಸು ಬರ್ತಿಲ್ಲ.

ಮೂಳೆ ಕತ್ತರಿಸಿ, ನೇರ ಮಾಡಿ, ಲೋಹದ ಪ್ಲೇಟ್ ಕೂರಿಸಿ ಸ್ಕ್ರೂ ಹಾಕಬಹುದು. ನಾಯಿಗಳಿಗೆ ಲೆಕ್ಕವಿಲ್ಲದಷ್ಟು ಮಾಡಿದೀನಿ. ಬೆಕ್ಕಿನ ತೋಳು ಅಂದ್ರೆ ಮಾತ್ರ ನಂಗೆ ಭಯ, ಆ ನಿನ್ನ ಸುರಂಗದ ದೆಸೆಯಿಂದ. ಗರಗಸ ಒಂದು ಕೂದಲು ಆಚೀಚೆ ಹೋಗಿ ನರ ತುಂಡಾದ್ರೆ, ಕಾಲು ನೇರ ಇದ್ದೂ ಪಂಜ ಜೋತು ಬೀಳುತ್ತೆ. ಆಮೇಲೆ ಅದನ್ನೂ ತೆಗೀಬೇಕು.

ಕವಿತೆ ಸಾಕು, ಅಳತೆ ಕಳಿಸು.

ಅಮ್ಮ


ಮೇ ೨೩

ಅಮ್ಮಾ ಅಮ್ಮಾ ಅಮ್ಮಾ,

ಅಳತೆ ಏನು, ಮೂಳೆನೇ ಕಳಿಸ್ತಿದೀನಿ! ಕಾಲುಚೀಲದೊಳಗೆ ಸುತ್ತಿಟ್ಟಿರೋದು ಅದೇ, ಹುಷಾರಾಗಿ ಬಿಚ್ಚು. ಕಾಲೇಜಲ್ಲಿ ಪ್ಲಾಸ್ಟಿಕ್ ಪದರದ ಮೇಲೆ ಪದರ ಹಾಕಿ ವಸ್ತು ಮಾಡೋ ಪ್ರಿಂಟರ್ ಇದೆ. ನಮ್ಮ ಸ್ಕ್ಯಾನುಗಳಲ್ಲಿ ನಿನ್ನ ಪೈಲ್ವಾನನ ಮೈಕಟ್ಟಿನದೇ ಒಂದು ಬೆಕ್ಕು ಹುಡುಕಿ, ಅದರ ಎಡತೋಳಿನ ಮೂಳೆ ಅಚ್ಚೊತ್ತಿಸಿದೆ. ನೀನು ಇದರ ಮೇಲೆ ಪ್ಲೇಟನ್ನ ಮೊದಲೇ ಬಗ್ಗಿಸಿ ಇಟ್ಕೋಬಹುದು. ಸುರಂಗದೊಳಗೆ ಕೆಂಪು ದಾರ ತೂರಿಸಿದೀನಿ, ಅದೇ ನರ ಅಂದ್ಕೋ.

ಇನ್ನೊಂದು ಸುದ್ದಿ. ಇದನ್ನ ಯಾರಿಗೂ ಹೇಳ್ಬೇಡ, ಕಾಂಪೌಂಡರ್ ಮಾಮನಿಗೆ ಹೇಳು ಪರವಾಗಿಲ್ಲ. ಇಷ್ಟು ದಿನದ ಬೆಕ್ಕುಗಳ ಅಳತೆ ಪಕ್ಕ ಪಕ್ಕ ಇಟ್ಟು ನೋಡಿದ್ರೆ, ಬಹಳಷ್ಟರಲ್ಲಿ ಬಲತೋಳಿನ ಮೂಳೆ ಎಡದ್ದಕ್ಕಿಂತ ಒಂದು ಚೂರು ದಪ್ಪ! ಅಂದ್ರೆ ಬೆಕ್ಕುಗಳು ನಮ್ಮ ಹಾಗೆ ಬಲಗೈನೇ ಜಾಸ್ತಿ ಬಳಸ್ತಾವಾ? ಮೇಡಂ ಕನ್ನಡಕ ಹಣೆ ಮೇಲೇರಿಸಿ ಮೂರು ಸಲ ನೋಡಿದ್ರು. ಜುಲೈಯಲ್ಲಿರೋ ಪಶುವೈದ್ಯರ ಸಭೆಯಲ್ಲಿ ನೀನೇ ನಿಂತು ಹೇಳು ಅಂದ್ರು. ನಾನು! ಡಿಗ್ರಿ ಇಲ್ಲದ ಮಷೀನಿನವಳು, ಡಾಕ್ಟರುಗಳ ಮುಂದೆ! ಕ್ಯಾಂಟೀನಲ್ಲಿ ಚಹಾ ತಗೊಂಡು ಕುಡಿಯೋದೇ ಮರೆತು ವಾಪಸ್ ಬಂದೆ.

ಪೈಲ್ವಾನನ ಹುಣ್ಣು ಹೇಗಿದೆ? ಅವನನ್ನ ನೀನು ಸಾಕ್ತಿಲ್ಲ ಅಂತ ಗೊತ್ತು, ಆದ್ರೂ ಕೇಳ್ತಿದೀನಿ.

ನಿನ್ನ
ಪಿಟೀಲು


ಜೂನ್ ೨

ಪಿಟೀಲೂ,

ನೀನು ಕಳಿಸಿದ ಎಡ ಮೂಳೆ ಎಡದ್ದಲ್ಲ. ಬಲದ್ದು.

ನಂಬಲ್ಲ ತಾನೆ? ನಾನೂ ನಂಬಲಿಲ್ಲ. ಬಂದ ದಿನ ಖುಷಿಯಲ್ಲಿ ಕಾಂಪೌಂಡರಿಗೂ ತೋರಿಸಿ, ಕೂತು ಮಧ್ಯಾಹ್ನ ಪೂರ್ತಿ ಪ್ಲೇಟ್ ಬಗ್ಗಿಸಿದೆ. ನನ್ನ ಮಗಳು ಕಳಿಸಿದ್ದು ಅಂತ ನಾಯಿ ಹಿಡ್ಕೊಂಡು ಬಂದವರಿಗೆಲ್ಲ ಕೊಚ್ಚಿಕೊಂಡೂ ಆಯ್ತು. ಮಾರನೇ ದಿನ ಪೈಲ್ವಾನನ್ನ ಮೇಜಿನ ಮೇಲೆ ನಿಲ್ಲಿಸಿ ಎಡತೋಳಿನ ಪಕ್ಕ ಮೂಳೆ ಹಿಡಿದೆ. ಹೆಗಲಿಗೆ ಕೂಡೋ ಚೆಂಡು ಹಿಂದಕ್ಕಿರಬೇಕು, ಸುರಂಗ ಎದೆ ಕಡೆಗಿರಬೇಕು. ಚೆಂಡು ಹಿಂದಕ್ಕಿಟ್ರೆ ಸುರಂಗ ಹೊರಗಡೆ ಬರುತ್ತೆ. ಸುರಂಗ ಒಳಗೆ ತಂದ್ರೆ ಚೆಂಡು ಮುಂದಕ್ಕೆ ಹೋಗುತ್ತೆ. ನನ್ನ ತಲೆನೇ ಕೆಟ್ಟಿದೆಯೇನೋ ಅಂತ ಪುಸ್ತಕ ತೆಗೆದು ನೋಡಿದೆ. ಆಮೇಲೆ ಬಲತೋಳಿನ ಪಕ್ಕ ಹಿಡಿದೆ. ಅಚ್ಚುಕಟ್ಟಾಗಿ ಕೂತಿತು.

ನಂಗೆ ಸಿಟ್ಟು ಬಂದಿದೆ, ಮುಚ್ಚಿಟ್ಕೊಳ್ಳಲ್ಲ. ಈ ಪ್ಲೇಟ್ ಇಟ್ಕೊಂಡು ಅವನ ತೋಳು ಬಿಚ್ಚಿದ್ರೆ ಏನಾಗ್ತಿತ್ತು? ಮೇಜಿನ ಮೇಲೆ ಮಲಗಿಸಿ, ತೋಳು ತೆರೆದಿಟ್ಟು, ಪ್ಲೇಟ್ ಕೂರ್ತಿಲ್ಲ ಅಂತ ನಾನು ಕೈಕೈ ಹಿಸುಕಿಕೊಂಡು ನಿಂತಿರಬೇಕಿತ್ತಾ?

ಇನ್ನೊಂದು ಮಾತು. ಒಂದು ಮೂಳೆ ಅದಲುಬದಲಾಗಿದ್ರೆ ಕೈತಪ್ಪು ಅಂತೀನಿ. ಎಲ್ಲವೂ ಆಗಿದ್ರೆ? ನಿನ್ನ ಬಲಗೈ ಬೆಕ್ಕುಗಳ ಕಥೆ ಏನು? ಸಭೆಯಲ್ಲಿ ನಿಂತು ಬಾಯಿ ತೆಗೆಯೋ ಮುಂಚೆ ಹೋಗಿ ನೋಡು.

ಹುಣ್ಣು ಹೆಬ್ಬೆರಳಗಲ ಆಗಿದೆ.

ಅಮ್ಮ


ಜೂನ್ ೮

ಅಮ್ಮಾ,

ಎಲ್ಲವೂ ಆಗಿತ್ತು.

ನಿನ್ನ ಕಾಗದ ಓದಿದ ತಕ್ಷಣ ನೇರ ನೆಲಮಾಳಿಗೆಗೆ ಓಡಿದೆ. ಸ್ಕ್ಯಾನ್ ಶುರು ಮಾಡೋ ಮುಂಚೆ ಮಷೀನ್ ಒಂದು ಪ್ರಶ್ನೆ ಕೇಳುತ್ತೆ: ಬೆನ್ನ ಮೇಲೆ ಮಲಗಿದೆಯಾ, ಹೊಟ್ಟೆ ಮೇಲಾ? ಇಲ್ಲಿಗೆ ಬರೋ ಮುಂಚೆ ಮನುಷ್ಯರ ಆಸ್ಪತ್ರೆಯಲ್ಲಿ ನಾನು ದಿನಾ ಒತ್ತುತ್ತಿದ್ದದ್ದು ಒಂದೇ, ಬೆನ್ನ ಮೇಲೆ. ಜನ ಹಾಗೇ ತಾನೆ ಮಲಗೋದು? ಬೆಕ್ಕನ್ನ ಈ ಕೈಯಲ್ಲೇ ಹೊಟ್ಟೆ ಮೇಲೆ ಮಲಗಿಸಿ, ಈ ಕೈಯಲ್ಲೇ "ಬೆನ್ನ ಮೇಲೆ" ಅಂತ ಒತ್ತಿದೀನಿ. ಒಂದು ಸಲ ಅಲ್ಲ, ಪ್ರತಿ ಸಲ! ಮಷೀನ್ ಪಾಪ ನನ್ನ ಮಾತು ನಂಬಿ ಎಡದ್ದಕ್ಕೆ ಬಲ ಅಂತ, ಬಲದ್ದಕ್ಕೆ ಎಡ ಅಂತ ಹೆಸರು ಬರೀತು. ಚಿತ್ರ ತಲೆಕೆಳಗಾಗಿ ಬರ್ತಿತ್ತು ಕಣಮ್ಮ. ಹಳೇ ಮಷೀನಿನ ಚಾಳಿ ಅಂತ ಬೈಕೊಂಡು ನಾನೇ ತಿರುಗಿಸಿ ನೆಟ್ಟಗೆ ಮಾಡ್ತಿದ್ದೆ! ಅದು ಅಷ್ಟು ದಿನ ಕೂಗಿ ಕೂಗಿ ಹೇಳಿದೆ, ನಾನು ಅದರ ಬಾಯಿ ಮುಚ್ಚಿಸಿದೀನಿ.

ಮೇಡಂ ಹತ್ರ ಹೋಗಿ ಹೇಳ್ದೆ. ಅವರು "ನಾನೂ ಮೂರು ಸಲ ನೋಡಿದೀನಲ್ಲ, ನನ್ನ ಕಣ್ಣೇನು ಅಡವಿಟ್ಟಿದ್ನಾ?" ಅಂತ ತಮ್ಮನ್ನೇ ಬೈಕೊಂಡ್ರು. ಹಾಗಾದ್ರೆ ಈಗ ಬೆಕ್ಕುಗಳು ಎಡಚರಾ ಮೇಡಂ ಅಂದೆ. "ಇಷ್ಟು ಕಮ್ಮಿ ಬೆಕ್ಕಲ್ಲಿ ಎಡನೂ ಹೇಳ್ಬೇಡ, ಬಲನೂ ಹೇಳ್ಬೇಡ. ಸಭೆಯಲ್ಲಿ ಸುರಂಗದ ವಿಷಯ ಹೇಳು, ಮಷೀನಿನ ವಿಷಯವನ್ನೂ ಹೇಳು, ಬೇರೆಯವರೂ ಇದೇ ಗುಂಡಿಗೆ ಬಿದ್ದಿರ್ತಾರೆ" ಅಂದ್ರು. ಈಗ ಪ್ರತಿ ಬೆಕ್ಕಿನ ಎಡ ಮುಂಗಾಲಿಗೂ ಸ್ಕ್ಯಾನಲ್ಲಿ ಕಾಣೋ ಹಾಗೆ ಒಂದು ತಂತಿ ಸುತ್ತಿ, ಮೇಡಂ ನಿಂತು ನೋಡಿದ ಮೇಲೇ ಮಷೀನ್ ಹಾಕ್ತೀನಿ. ಹಳೆಯವನ್ನೆಲ್ಲ ಮತ್ತೆ ಒಂದೊಂದಾಗಿ ತಿದ್ದುತ್ತಿದೀನಿ.

ನಿನ್ನ ಸಿಟ್ಟು ನ್ಯಾಯವೇ. ಆದ್ರೂ ಒಂದು ಕೇಳ್ತೀನಿ, ಕಾಗದ ಹರೀಬೇಡ. ಪೈಲ್ವಾನನ್ನ ಇಲ್ಲಿಗೇ ಕರ್ಕೊಂಡು ಬಾ. ಬೇರೆ ಬೆಕ್ಕಿನ ನೇರ ಮೂಳೆ ಇಟ್ಕೊಂಡು ಅವನ ಸೊಟ್ಟ ಮೂಳೆ ಹೇಗಿದೆ ಅಂತ ಊಹಿಸೋದು ಬೇಡ. ಮುರಿದು ಕೂಡಿಕೊಂಡಾಗ ಅವನ ಸುರಂಗ ಎಲ್ಲಿಗೆ ಜರುಗಿದೆಯೋ, ಇದೆಯೋ ಇಲ್ಲವೋ. ಮತ್ತು ಬರೋದು ನೀನೇ ಬಾ. ಕಾಂಪೌಂಡರ್ ಮಾಮನ ಕೈಲಿ ಕಳಿಸ್ಬೇಡ.

ನಿನ್ನ
ಪಿಟೀಲು


ಜೂನ್ ೧೬

ಪಿಟೀಲೂ,

ಹುಣ್ಣಿನ ತಳದಲ್ಲಿ ಬೆಳ್ಳಗೆ ಏನೋ ಕಂಡ ಹಾಗಾಯ್ತು. ಮೂಳೆಯಲ್ಲ, ಸ್ನಾಯುವಿನ ಹುರಿ. ಇನ್ನು ಹೆಚ್ಚು ದಿನ ಇಲ್ಲ.

ಬುಧವಾರ ಬೆಳಗಿನ ಬಸ್ಸಿಗೆ ಬರ್ತೀನಿ. ನಾನೇ. ಕೆಂಪು ಬುಟ್ಟಿಯಲ್ಲಿ ಇರ್ತಾನೆ, ದಾರಿಯುದ್ದಕ್ಕೂ ಕಿರುಚ್ತಾನೆ, ಅಕ್ಕಪಕ್ಕದವರು ನನ್ನನ್ನ ನೋಡ್ತಾರೆ, ನೋಡ್ಲಿ. ಮತ್ತು ಹೋದ ಕಾಗದದ ಸಿಟ್ಟು ಅರ್ಧ ಇಳಿದಿದೆ, ಪೂರ್ತಿ ಇಳಿದಿಲ್ಲ.

ಅಮ್ಮ


ಜೂನ್ ೨೮

ಅಮ್ಮಾ,

ನೀನು ಬಸ್ ಹತ್ತಿದ ಮೇಲೆ ನಾನು ನಿಲ್ದಾಣದಲ್ಲೇ ಬಹಳ ಹೊತ್ತು ನಿಂತಿದ್ದೆ. ಗಾಜಿನ ಹಿಂದೆ ನಿಂತು ಸ್ಕ್ಯಾನ್ ಪೂರ್ತಿ ನೋಡಿದೆ ನೀನು, ನನ್ನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ "ನಿನ್ನ ರೂಮಲ್ಲಿ ಕಿಟಕಿ ಇಲ್ವಾ?" ಅಂತ ಕೇಳಿದೆ, ಅಷ್ಟೆ. ಚೆನ್ನಾಗಿತ್ತಾ, ಕೆಟ್ಟದಾಗಿತ್ತಾ, ಏನಾದ್ರೂ ಒಂದು ಅನ್ನಬಾರದಿತ್ತಾ?

ಇರ್ಲಿ. ಈಗ ಉಸಿರು ಬಿಗಿಹಿಡಿ. ಸುರಂಗ ಸಿಕ್ಕಿತು!!

ಅವತ್ತು ನಿಂಗೆ ತೆರೆ ಮೇಲೆ ಬರೀ ಬಿಳೀ ಗಂಟು ಕಂಡಿತಲ್ಲ, ಮುರಿದ ಜಾಗದಲ್ಲಿ ಮೂಳೆ ಉಬ್ಬಿಕೊಂಡಿದ್ದು? ನೀನು "ಇಲ್ಲೇ ಕತ್ತರಿಸ್ತೀನಿ" ಅಂತ ಬೆರಳಿಟ್ಟೆ. ನಂಗೆ ಆಗಲೇ ಏನೋ ಕಸಿವಿಸಿ. ನೀನು ಹೋದ ಮೇಲೆ ಹೋಳುಗಳನ್ನ ಇನ್ನೂ ತೆಳ್ಳಗೆ ಮಾಡಿ, ಒಂದೊಂದಾಗಿ ಹಿಂದೆ ಮುಂದೆ ಓಡಿಸಿದೆ. ಗಂಟಿನ ಒಳಗೆ ಒಂದು ಕಪ್ಪು ಚುಕ್ಕೆ. ಮುಂದಿನ ಹೋಳಲ್ಲಿ ಆ ಚುಕ್ಕೆ ಚೂರು ಪಕ್ಕಕ್ಕೆ. ಅದರ ಮುಂದಿನದರಲ್ಲಿ ಇನ್ನೂ ಚೂರು. ಅಮ್ಮಾ, ಅದೇ ಸುರಂಗ! ಮೂಳೆ ಕೂಡಿಕೊಳ್ಳುವಾಗ ನರವನ್ನ ಹೊಸುಕಿ ಹಾಕಲಿಲ್ಲ, ಅದರ ಸುತ್ತ ಬೆಳೆದಿದೆ. ಸುರಂಗ ಓರೆಯಾಗಿ, ಗಂಟಿನ ನಡುಮಧ್ಯದಲ್ಲಿ ಹಾದು ಹೋಗಿದೆ. ನೀನು ಬೆರಳಿಟ್ಟ ಜಾಗದಲ್ಲೇ! ಕೂಗಿಬಿಟ್ಟೆ. ಮೇಡಂ ಮೇಲಿನ ಮಹಡಿಯಿಂದ ಇಳಿದು ಬಂದ್ರು.

ನಿಜ ಹೇಳ್ಬೇಕು ಅಂದ್ರೆ ಸ್ಕ್ಯಾನಲ್ಲಿ ನರ ಕಾಣಲ್ಲ. ನರ ಹೋಗೋ ದಾರಿ ಕಾಣುತ್ತೆ. ಆ ದಾರಿಯೊಳಗೇ ನರ ಇದೆ ಅನ್ನೋದು ನಮ್ಮ ನಂಬಿಕೆ. ಅವನ ಬೆರಳು ಆಡ್ತಿರೋದ್ರಿಂದ ಇರ್ಲೇಬೇಕು.

ಹಾಗಾಗಿ ಗಂಟನ್ನ ಮುಟ್ಟಲೇಬೇಡ. ಅದಕ್ಕಿಂತ ಮೇಲೆ, ಮೂಳೆ ಚೊಕ್ಕವಾಗಿರೋ ಕಡೆ ಕತ್ತರಿಸು. ಗೆರೆ ಎಲ್ಲಿ, ಎಷ್ಟು ಓರೆಯಾಗಿ ಅಂತ ಗುರುತು ಹಾಕಿದೀನಿ. ಅಲ್ಲಿ ಒಂದು ಸಣ್ಣ ಬೆಣೆಯಷ್ಟು ಮೂಳೆ ತೆಗೆದು ಕೂಡಿಸಿದ್ರೆ ಕೆಳಗಿನ ಭಾಗ ಸುರಂಗದ ಸಮೇತ ನೇರವಾಗಿ ತಿರುಗುತ್ತೆ. ಪೈಲ್ವಾನನ ಸ್ವಂತ ಸೊಟ್ಟ ಮೂಳೆಯ ಅಚ್ಚುಗಳನ್ನ ಒಂದು ಚೀಲ ತುಂಬಾ ಕಳಿಸ್ತಿದೀನಿ. ಕತ್ತರಿಸಿ ಕತ್ತರಿಸಿ ನೋಡು. ಎಡದ್ದೇ. ಮೇಡಂ ನೋಡಿದಾರೆ, ನಾನು ನೋಡಿದೀನಿ, ಕಸ ಗುಡಿಸೋಕೆ ಬಂದವರಿಗೂ ತೋರಿಸಿದೀನಿ.

ನಿನ್ನ
ಪಿಟೀಲು


ಜುಲೈ ೭

ಪಿಟೀಲೂ,

ಅಡುಗೆಮನೆ ತುಂಬಾ ಪ್ಲಾಸ್ಟಿಕ್ ಪುಡಿ. ನಿನ್ನ ಚೀಲದ ಮೂಳೆಗಳಲ್ಲಿ ಒಂದೇ ಉಳಿದಿದೆ. ಮೊದಲನೇದಕ್ಕೆ ನಾನು ಅಂದ್ಕೊಂಡ ಜಾಗದಲ್ಲೇ ಗರಗಸ ಹಾಕಿದೆ, ಮೊಂಡುತನಕ್ಕೆ. ಬಿಚ್ಚಿ ನೋಡಿದ್ರೆ ಸುರಂಗ ಎರಡು ಹೋಳು. ಕಾಂಪೌಂಡರು ಗುಡಿಸಿ ಹಾಕಿದ. ಮಿಕ್ಕಿದ್ದೆಲ್ಲ ನೀನು ಗೆರೆ ಹಾಕಿದ ಕಡೆ ಕೊಯ್ದೆ. ಪ್ಲೇಟ್ ಈಗ ಅಂಟಿಸಿದ ಹಾಗೆ ಕೂರುತ್ತೆ.

ಗಾಜಿನ ಹಿಂದೆ ಯಾಕೆ ಮಾತಾಡಲಿಲ್ಲ ಅಂತ ಕೇಳಿದೀಯ. ಬಾಯಿ ಬಿಟ್ರೆ ಅಳು ಬರ್ತಿತ್ತು, ಅದಕ್ಕೆ. ನೀನು ಅವನನ್ನ ಆ ಮೇಜಿನ ಮೇಲೆ ಮಲಗಿಸಿದ್ದು ನೋಡ್ದೆ. ನಿದ್ದೆ ಮದ್ದು ಹತ್ತಿದ ಪ್ರಾಣಿ ಅಂತ ಎತ್ತಿ ಹಾಕಲಿಲ್ಲ. ಗಲ್ಲದ ಕೆಳಗೆ ಬಟ್ಟೆ ಮಡಚಿ ಇಟ್ಟೆ, ನೋವಿರೋ ಕಾಲಿನ ಕೆಳಗೆ ಅಂಗೈ ಕೊಟ್ಟೆ, ಕಿವಿಯಲ್ಲಿ ಏನೋ ಹೇಳ್ದೆ. ಮೂರನೇ ವರ್ಷದಲ್ಲಿ ನೀನು "ಜೀವ ಇರೋದನ್ನ ಕೊಯ್ಯೋಕೆ ನನ್ನ ಕೈಲಿ ಆಗಲ್ಲ" ಅಂತ ಮನೆಗೆ ಬಂದಾಗ ನಾನು ಎಷ್ಟು ಬೈದೆ! ನನ್ನ ಕ್ಲಿನಿಕ್ ನನ್ನ ಜೊತೆಗೇ ಮುಚ್ಚಿಹೋಗುತ್ತೆ ಅಂತ ಸಂಕಟ ನಂಗೆ. ನೀನು ಕೊಯ್ಯದೇ ಒಳಗೆ ನೋಡೋ ಕೆಲಸ ಹುಡುಕ್ಕೊಂಡಿದೀಯ. ಚೆನ್ನಾಗಿತ್ತು ಕಣೆ. ಬಹಳ ಚೆನ್ನಾಗಿತ್ತು. ಬಸ್ಸಲ್ಲಿ ಅಳ್ತಾ ಬಂದೆ, ಪೈಲ್ವಾನನೂ ಕಿರುಚ್ತಿದ್ದ, ಜನ ಇಬ್ಬರಿಗೂ ಹುಷಾರಿಲ್ಲ ಅಂದ್ಕೊಂಡ್ರು.

ಗುರುವಾರ ಆಪರೇಷನ್. ಭಯ ಆಗ್ತಿದೆ. ಬೇರೆಯವರ ಪ್ರಾಣಿಯಾದ್ರೆ ಆಗ್ತಿರಲಿಲ್ಲ. ಹೌದು, ಸಾಕ್ತಿದೀನಿ. ಸಂತೋಷವಾಯ್ತಾ?

ಅಮ್ಮ


ಜುಲೈ ೧೫

ಪಿಟೀಲೂ,

ಫೋನ್ ಮಾಡಿಲ್ಲ, ಮಾಡಿದ್ರೆ ನನ್ನ ಗಂಟಲಲ್ಲೇ ನಿಂಗೆ ಗೊತ್ತಾಗಿಬಿಡುತ್ತೆ.

ಮೂಳೆ ನೀನು ಗೆರೆ ಹಾಕಿದ ಕಡೆ ಕತ್ತರಿಸಿದೆ. ಗಂಟನ್ನ ಮುಟ್ಟಲಿಲ್ಲ. ಪ್ಲೇಟ್ ಒಂದೇ ಸಲಕ್ಕೆ ಕೂತಿತು. ಕಾಲು ನೇರ ಆಗಿದೆ. ಪಂಜ ಬೆಚ್ಚಗಿದೆ. ಹುಣ್ಣು ಈಗ ನೆಲಕ್ಕೆ ತಾಗಲ್ಲ.

ಆದ್ರೆ ಪಂಜ ಆಡ್ತಿಲ್ಲ. ಬೆರಳ ಮಧ್ಯೆ ಚಿವುಟಿದ್ರೂ ಎಳ್ಕೊಳ್ಳಲ್ಲ. ಬಟ್ಟೆ ಥರ ಜೋತಾಡ್ತಿದೆ. ಮೂಳೆಯನ್ನ ತಿರುಗಿಸಿದಾಗ ನರ ಜಗ್ಗಿರಬಹುದು, ಊತ ಇಳಿದ್ರೆ ಸರಿಹೋಗಬಹುದು. ತುಂಡಾಗಿರಲೂಬಹುದು. ನನ್ನ ಕ್ಲಾಸ್‌ಮೇಟ್ ಸರ್ಜನ್ನು ಎರಡು ಮೂರು ವಾರ ಕಾಯಿ, ಆಮೇಲೆ ತೆಗೆದುಬಿಡು ಅಂದ.

ನಿನ್ನ ಗೆರೆ ತಪ್ಪಿರಲಿಲ್ಲ. ಇದನ್ನ ಎರಡು ಸಲ ಓದು.

ಅಮ್ಮ


ಜುಲೈ ೨೦

ಅಮ್ಮಾ,

ಎರಡಲ್ಲ, ಹತ್ತು ಸಲ ಓದಿದೆ. ಆದ್ರೂ ಹೋಗಿ ಹೋಳು ಹೋಳಾಗಿ ಮತ್ತೆ ನೋಡ್ದೆ. ನೀನು ಕಳಿಸಿದ ಎಕ್ಸ್‌ರೇ ಪಕ್ಕದಲ್ಲಿಟ್ಟು ಮೇಡಂ, ನಾನು ಇಬ್ಬರೂ ನೋಡಿದ್ವಿ. ನಿನ್ನ ಕೊಯ್ತದ ಗೆರೆ ಸುರಂಗದ ಹತ್ತಿರಕ್ಕೂ ಹೋಗಿಲ್ಲ. ಒಂದು ಸ್ಕ್ರೂ ಕೂಡ ಅದರೊಳಗೆ ಇಳಿದಿಲ್ಲ. ದಾರಿ ಪೂರ್ತಿ ತೆರೆದಿದೆ ಅಮ್ಮಾ! ನರ ಒಳಗೇ ಇದೆ, ಪೆಟ್ಟು ತಿಂದು ಮುನಿಸ್ಕೊಂಡಿದೆ ಅಷ್ಟೆ. ನನ್ನ ಜೀವ ಬಾಯಿಗೆ ಬಂದಿದೆ, ಆದ್ರೂ ಹೇಳ್ತಿದೀನಿ, ತೆಗೀಬೇಡ. ಯಾರು ಎಷ್ಟೇ ಹೇಳಲಿ, ಕಾಯಿ.

ದಿನಾ ಬೆರಳು ಒಂದೊಂದಾಗಿ ಮಡಚಿ ಬಿಚ್ಚಿ ಮಾಡು. ಬೈದುಕೊಂಡೇ ಮಾಡು, ಅವನಿಗೆ ನಿನ್ನ ಬೈಗುಳ ಕೇಳದಿದ್ರೆ ನಿದ್ದೆ ಬರಲ್ಲ. ಸಭೆಯಲ್ಲಿ ನಿನ್ನೆ ಮಾತಾಡಿದೆ. ಮಷೀನಲ್ಲಿ ನಾನು ಮಾಡಿದ ತಪ್ಪು ಹೇಳಿದಾಗ ಯಾರೂ ನಗಲಿಲ್ಲ, ಇಬ್ಬರು ಎದ್ದು ಮೆಲ್ಲಗೆ ಹೊರಗೆ ಹೋದ್ರು. ತಮ್ಮ ಮಷೀನ್ ನೋಡೋಕೆ ಇರ್ಬೇಕು! ಬೇರೆ ದಿನ ಆಗಿದ್ರೆ ನಿಂಗೆ ಇದನ್ನೇ ನಾಲ್ಕು ಪುಟ ಬರೀತಿದ್ದೆ. ಇವತ್ತು ಬೇಡ. ಪಂಜದ ಸುದ್ದಿ ಬರೆ.

ನಿನ್ನ
ಪಿಟೀಲು


ಆಗಸ್ಟ್ ೩

ಪಿಟೀಲೂ, ನನ್ನ ಬಂಗಾರೀ,

ಬೆಳಿಗ್ಗೆ ಫೋನಲ್ಲಿ ನಾನು ಕೂಗಿದ್ದು ಒಂದಕ್ಷರ ಅರ್ಥ ಆಗ್ಲಿಲ್ಲ ಅಂದೆ. "ಅಮ್ಮಾ, ಯಾರು ಹೋದ್ರು?" ಅಂತ ಕೇಳ್ದೆ, ಹುಚ್ಚಿ. ಈಗ ಕೂತು ನೆಟ್ಟಗೆ ಬರೀತಿದೀನಿ.

ನೆನ್ನೆ ತನಕ ಏನೂ ಇರಲಿಲ್ಲ. ದಿನಾ ಚಿವುಟಿದೆ, ದಿನಾ ಬೆರಳು ಮಡಚಿ ಬಿಚ್ಚಿದೆ, ದಿನಾ ಬೈದೆ. ಅವನು ನನ್ನ ಮುಖ ನೋಡ್ಕೊಂಡು ಕೂತಿರ್ತಿದ್ದ. ಶುಕ್ರವಾರ ಕ್ಲಾಸ್‌ಮೇಟ್‌ಗೆ ಫೋನ್ ಮಾಡಿ, ಸೋಮವಾರ ಬಾ, ಇಬ್ಬರೂ ನೋಡೋಣ ಅಂದಿದ್ದೆ. ನನ್ನೊಬ್ಬಳ ಕೈಲಿ ಅವನ ಕಾಲು ತೆಗೆಯೋಕೆ ಆಗ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಬೆಂಚ್ ತುಂಬಾ ಜನ. ಒಂದು ಮೊಲ, ಎರಡು ನಾಯಿ, ಪಂಜರದಲ್ಲಿ ಒಂದು ಗಿಳಿ. ನಾನು ಪೈಲ್ವಾನನ ಪಟ್ಟಿ ಬದಲಾಯಿಸ್ತಿದ್ದೆ. ಗಾಯದ ಮದ್ದು ಚೂರು ಜಾಸ್ತಿ ಹಾಕ್ಬಿಟ್ಟೆ, ಉರಿದಿರಬೇಕು. ಸರ್ ಅಂತ ಒಂದು ಏಟು! ಬಲಗಾಲಲ್ಲಿ ಹೊಡೆದ ಅಂದ್ಕೊಂಡೆ. ಬಲಗಾಲು ಕಾಂಪೌಂಡರ್ ಹಿಡ್ಕೊಂಡಿದ್ದ ಕಣೆ. ಇಬ್ಬರೂ ಮುಖ ಮುಖ ನೋಡ್ಕೊಂಡ್ವಿ. ನನ್ನ ಮುಂಗೈ ಮೇಲೆ ನಾಲ್ಕು ಗೀರು, ರಕ್ತ ಮುತ್ತು ಮುತ್ತಾಗಿ ಏಳ್ತಿದೆ. ಉಗುರು ಹೊರಗೆ ಬಂದಿದೆ ಅಂದ್ರೆ ಬೆರಳು ಮಡಚೋ ಸ್ನಾಯು ಎಳೆದಿದೆ, ಸ್ನಾಯು ಎಳೆದಿದೆ ಅಂದ್ರೆ ನರ ಬದುಕಿದೆ!

"ಪರಚಿದ! ನೋಡ್ರೋ, ಪರಚಿಬಿಟ್ಟ!" ಅಂತ ಕೈ ಮೇಲೆತ್ತಿಕೊಂಡು ಬೆಂಚಿನ ಮುಂದೆಲ್ಲ ಓಡಾಡಿದೆ. ಮೊಲದವರು ಎದ್ದು ಮೊಲ ಎದೆಗವಚಿಕೊಂಡು ಬಾಗಿಲ ಕಡೆ ಸರಿದ್ರು. ಗಿಳಿ ಕಿರುಚೋಕೆ ಶುರು ಮಾಡ್ತು. ಕಾಂಪೌಂಡರು ಅಳ್ತಾ, ನಗ್ತಾ, ಮೂಗು ಒರೆಸ್ಕೊಳ್ತಾ "ಮೇಡಂ, ಇನ್ನೊಂದು ಸಲ ಉರಿಸೋಣ್ವಾ?" ಅಂದ. ಉರಿಸಿದ್ವಿ. ಅವನಿಗೂ ಎರಡು ಗೀರು ಸಿಕ್ತು.

ಕ್ಲಾಸ್‌ಮೇಟ್‌ಗೆ ಬರೋದು ಬೇಡ ಅಂದಿದೀನಿ. ಇನ್ನೂ ಪೂರ್ತಿ ಬಲ ಬರೋಕೆ ತಿಂಗಳುಗಳೇ ಬೇಕು, ಗೊತ್ತು. ಅವಸರ ಯಾರಿಗಿದೆ?

ಕಾಂಪೌಂಡರು ಹತ್ತಿ, ಟಿಂಚರು ಹಿಡ್ಕೊಂಡು ನನ್ನ ಹಿಂದೆ ಹಿಂದೆ ಬರ್ತಿದಾನೆ, "ಕೈ ಕೊಡಿ ಮೇಡಂ, ಕೀವಾಗುತ್ತೆ" ಅಂತ. ಅವನು ಹೇಳೋದು ಸರಿ. ನಾನೇ ಎಲ್ಲರಿಗೂ ಹೇಳೋ ಮಾತು ಅದು. ಆದ್ರೆ ನಂಗೆ ಇದನ್ನ ತೊಳೆಯೋಕೆ ಮನಸ್ಸೇ ಬರ್ತಿಲ್ಲ ಕಣೆ.

ನಿನ್ನ
ಅಮ್ಮ